ಓದಿದ ಕಾದಂಬರಿ, ಹಂಚಿದ ಪ್ರಸಾದ

ಶ್ರಾವಣ ಮಾಸ ಬಂತೆಂದರೆ ನಮ್ಮ ಮಠಗಳಲ್ಲಿಯೂ ಊರ ಗುಡಿಗಳ ಅಂಗಳದಲ್ಲಿಯೂ ಪುರಾಣ ಹಚ್ಚುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣವನ್ನೋ, ಚಾಮರಸನ ಪ್ರಭುಲಿಂಗಲೀಲೆಯನ್ನೋ, 1584ರಲ್ಲಿ ವಿರೂಪಾಕ್ಷ ಪಂಡಿತ ಪೂರೈಸಿದ ಚೆನ್ನಬಸವಪುರಾಣವನ್ನೋ ಒಬ್ಬರು ಓದುವರು, ಇನ್ನೊಬ್ಬರು ಅರ್ಥ ಬಿಡಿಸುವರು, ನೂರಾರು ಮಂದಿ ಮೈಯೆಲ್ಲ ಕಿವಿಯಾಗಿ ಕೇಳುವರು. ಕೇಳಿದವರು ಅದನ್ನು ಅಲ್ಲಿಯೇ ಬಿಟ್ಟು ಏಳುತ್ತಿರಲಿಲ್ಲ. ಮರುದಿನ ಹೊಲದ ಬದುವಿನ ಮೇಲೆ, ಬಾವಿಯ ಕಟ್ಟೆಯ ಬಳಿ, ಒಲೆಯ ಮುಂದೆ, ಬರಲಾಗದಿದ್ದವರಿಗೆ ಆ ಕಥೆ ಮತ್ತೊಮ್ಮೆ ತಲುಪುತ್ತಿತ್ತು. ಇನ್ನೊಬ್ಬರಿಗೆ ಹೇಳಿದಾಗಲೇ ತಾವು ಕೇಳಿದ್ದು ಪೂರ್ಣವಾಯಿತೆಂಬ ಭಾವನೆ ನಮ್ಮ ಮನೆತನಗಳಲ್ಲಿ ಸಹಜವಾಗಿಯೇ ಬೆಳೆದಿತ್ತು.

ಕಾದಂಬರಿಯ ಓದಿಗೂ ಈ ಮಾತು ಸಲ್ಲುತ್ತದೆ. ಮೆಚ್ಚಿದ ಕಾದಂಬರಿಯನ್ನು ನಿಧಾನವಾಗಿ ಸವಿಯುವುದು ಒಂದು ಸುಖ. ಅದನ್ನು ತಕ್ಕವರ ಕೈಗೆ ದಾಟಿಸುವುದು ಅದಕ್ಕಿಂತ ಹಿರಿದಾದ ಸುಖ. ಪ್ರಸಾದವನ್ನು ನಾವು ಆತುರದಿಂದ ನುಂಗುವುದಿಲ್ಲ, ಚೆಲ್ಲುವುದಿಲ್ಲ, ಒಬ್ಬರೇ ಉಂಡು ಉಳಿದದ್ದನ್ನು ಮುಚ್ಚಿಡುವುದೂ ಇಲ್ಲ. ಒಳ್ಳೆಯ ಪುಸ್ತಕದ ವಿಷಯದಲ್ಲಿಯೂ ಇದೇ ನಡೆ ತಕ್ಕುದು.

ಹಿತ್ತಿಲ ಬಾಗಿಲಿನಿಂದ ಬಂದ ಅತಿಥಿ

ಪುರಾಣ, ರಗಳೆ, ವಚನಗಳ ಮನೆಗೆ ಕಾದಂಬರಿ ತಡವಾಗಿ ಬಂದ ಅತಿಥಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದನ್ನು ಎಣಿಸುತ್ತಾರೆ. ಅದಕ್ಕೂ ಮೊದಲು ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುಗರಿಗೆ ರುಚಿ ಹತ್ತಿಸಿದ್ದರು. ಹಾವೇರಿ ಸೀಮೆಯ ಗಳಗನಾಥರು ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇದೇ ನಾಡಿನಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಆ ಕೆಲಸಕ್ಕಾಗಿ ಇದ್ದ ಮನೆಯನ್ನೂ ಮಾರಿ ವಿಜಯಪುರದಲ್ಲಿ ಮುದ್ರಣಾಲಯ ನಡೆಸಿದರು. ಒಬ್ಬರದು ಕಥೆ, ಇನ್ನೊಬ್ಬರದು ವಚನ. ಓದಿದ್ದು ತಮ್ಮಲ್ಲಿಯೇ ಉಳಿಯಬಾರದೆಂಬ ತುಡಿತ ಮಾತ್ರ ಇಬ್ಬರದೂ ಒಂದೇ.

1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರ ಮನೆಗೇ ಪುಸ್ತಕ ತಲುಪಿಸುವ ಕ್ರಮವನ್ನು ಬೆಳೆಸಿದರು. ಅನಕೃ ಅವರು ನೂರಕ್ಕೂ ಮಿಗಿಲಾದ ಕಾದಂಬರಿಗಳನ್ನು ಬರೆದು ಕನ್ನಡಕ್ಕೆ ಒಂದು ಹೊಸ ಓದುಗ ಬಳಗವನ್ನೇ ಕಟ್ಟಿಕೊಟ್ಟರು. 1956ರಲ್ಲಿ ‘ಕಸ್ತೂರಿ’, 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’ ಬಂದವು. ವಾರಪತ್ರಿಕೆಯ ಧಾರಾವಾಹಿಗಾಗಿ ಏಳು ದಿನ ಕಾಯುವುದು ಮನೆಮಂದಿಗೆಲ್ಲ ಒಂದು ವ್ರತದಂತಾಯಿತು. ಪತ್ರಿಕೆ ಮೊದಲು ಯಾರ ಕೈಗೆ ಎಂಬ ಜಗಳ, ಓದಿದವರು ಮುಂದಿನದನ್ನು ಹೇಳಿಬಿಟ್ಟಾರೆಂಬ ಆತಂಕ, ಬಂದ ಕಂತುಗಳನ್ನು ಕತ್ತರಿಸಿ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುವ ಜಾಣ್ಮೆ, ಇವು ಆ ಕಾಲದ ಅನೇಕ ಮನೆಗಳು ಬಲ್ಲ ಸಂಗತಿಗಳು.

ಆದರೂ ಈ ಅತಿಥಿಗೆ ತಲೆಬಾಗಿಲಿನ ಸ್ವಾಗತ ಬೇಗನೆ ದೊರೆಯಲಿಲ್ಲ. ಕಾದಂಬರಿ ಓದಿದರೆ ಹುಡುಗರು ಪಾಠ ಮರೆಯುತ್ತಾರೆ, ಹೆಣ್ಣುಮಕ್ಕಳು ಮನೆಗೆಲಸ ಮರೆಯುತ್ತಾರೆ ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರಲಿಲ್ಲ! ದಿಂಬಿನ ಕೆಳಗೆ, ಅಕ್ಕಿಯ ಡಬ್ಬದ ಹಿಂದೆ, ಮಡಚಿಟ್ಟ ಸೀರೆಗಳ ನಡುವೆ ಅಡಗಿ ಕುಳಿತು ಕಾದಂಬರಿ ಬದುಕಿತು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಒಬ್ಬರು ತಂದ ಪುಸ್ತಕವನ್ನು ಹಿಂದಿರುಗಿಸುವ ದಿನದೊಳಗೆ ನಾಲ್ಕು ಮನೆಯ ಹೆಂಗಸರು ಓದಿ ಮುಗಿಸುತ್ತಿದ್ದರು. ಹಿತ್ತಿಲ ಗೋಡೆಯ ಮೇಲಿಂದ ಸಾರಿನ ಬಟ್ಟಲು ಆಚೆ ಹೋದರೆ ತ್ರಿವೇಣಿಯವರ ಕಾದಂಬರಿ ಈಚೆ ಬರುತ್ತಿತ್ತು. 1928ರಲ್ಲಿ ಹುಟ್ಟಿ 1963ರಲ್ಲಿ ಕಣ್ಮರೆಯಾದ ಆ ಲೇಖಕಿಯ ಆಯುಷ್ಯ ಚಿಕ್ಕದು. ಆದರೆ ‘ಶರಪಂಜರ’ದಲ್ಲಿ ಮನೋರೋಗಕ್ಕೆ ತುತ್ತಾಗಿ ಗುಣಹೊಂದಿದ ಹೆಣ್ಣುಮಗಳನ್ನು ಸಮಾಜ ಹೇಗೆ ಮತ್ತೆ ನೋಯಿಸುತ್ತದೆ ಎಂಬುದನ್ನು ಅವರು ತೋರಿಸಿದ ಬಗೆಯಿಂದ, ಬಾಯಿ ಬಿಟ್ಟು ಹೇಳಲಾಗದ ಎಷ್ಟೋ ನೋವುಗಳಿಗೆ ಮಾತು ದೊರೆಯಿತು. ‘ಇದನ್ನು ಓದಿ ನೋಡಿ’ ಎಂದು ಪುಸ್ತಕ ಕೊಡುವುದು ಆ ಗೆಳತಿಯರಿಗೆ ‘ನಿಮ್ಮ ಕಷ್ಟ ನನಗೆ ತಿಳಿದಿದೆ’ ಎಂದು ಹೇಳುವ ಮರ್ಯಾದೆಯ ದಾರಿಯಾಗಿತ್ತು.

ಸವಿಯುವ ಬಗೆ

ಕಥೆ ಏನಾಯಿತೆಂದು ತಿಳಿಯಲು ಓದುವುದು ಬೇರೆ, ಸವಿದು ಓದುವುದು ಬೇರೆ. ಮೊದಲನೆಯದಕ್ಕೆ ಕೊನೆಯ ಪುಟ ಗುರಿ. ಎರಡನೆಯದಕ್ಕೆ ಪ್ರತಿ ಪುಟವೂ ಗುರಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೈಗೆತ್ತಿಕೊಂಡ ಅನೇಕರು ಮೊದಲ ಐವತ್ತು ಪುಟಗಳಲ್ಲಿ ದಾರಿ ತಪ್ಪಿದಂತಾಗಿ ಕೆಳಗಿಡುತ್ತಾರೆ. ಪಾತ್ರಗಳು ನೂರಾರು, ದಾರಿಗಳು ಹಲವು, ಕಾಡು ದಟ್ಟ. ಅಂಥವರಿಗೆ ಅನುಭವಿ ಓದುಗರು ಹೇಳುವ ಕಿವಿಮಾತೊಂದುಂಟು: ಚಿಕ್ಕ ಹಾಳೆಯಲ್ಲಿ ಮನೆತನಗಳ ಹೆಸರನ್ನೂ ಜನರ ಹೆಸರನ್ನೂ ಬರೆದಿಟ್ಟುಕೊಳ್ಳಿ, ದಿನಕ್ಕೆ ಹತ್ತು ಪುಟಕ್ಕಿಂತ ಹೆಚ್ಚು ಓದಬೇಡಿ. ಹದಿನೈದು ದಿನ ಕಳೆಯುವುದರೊಳಗೆ ಆ ಮಲೆನಾಡಿನ ಕಾಲುದಾರಿಗಳು ತಮ್ಮೂರಿನ ಓಣಿಗಳಂತೆ ಪರಿಚಿತವಾಗುತ್ತವೆ. ಯಾರು ದೊಡ್ಡವರು, ಯಾರು ಚಿಕ್ಕವರು ಎಂಬ ಲೆಕ್ಕವಿಲ್ಲದೆ ಆಳುಮಕ್ಕಳ ಬದುಕನ್ನೂ ಒಡೆಯರ ಬದುಕನ್ನೂ ಒಂದೇ ಅಕ್ಕರೆಯಿಂದ ಕಂಡ ಕವಿಯ ಕಣ್ಣು ಆಗ ನಮಗೂ ಸ್ವಲ್ಪ ದಕ್ಕುತ್ತದೆ.

ಸವಿಯುವುದರ ಇನ್ನೊಂದು ಲಕ್ಷಣ ಮರು ಓದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕರಾವಳಿಯ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ಇಪ್ಪತ್ತರ ಹರೆಯದಲ್ಲಿ ಓದಿದಾಗ ಊರು ಬಿಟ್ಟು ಪಟ್ಟಣ ಸೇರುವ ಮೊಮ್ಮಗ ರಾಮನೇ ಕಥಾನಾಯಕನಾಗಿ ತೋರುತ್ತಾನೆ. ಮಕ್ಕಳು ಮರಿಗಳಾದ ಮೇಲೆ ಓದಿದಾಗ ದಾರಿ ತಪ್ಪಿದ ಮಗನ ಹೆತ್ತವರ ಸಂಕಟ ಎದೆಗೆ ನಾಟುತ್ತದೆ. ಇಳಿವಯಸ್ಸಿನಲ್ಲಿ ಓದಿದಾಗಲೋ, ಬಾಯಿ ಮುಚ್ಚಿ ದುಡಿದು ಆ ಮನೆಯನ್ನು ಎತ್ತಿ ಹಿಡಿದ ಪಾರ್ವತಿ, ಸರಸ್ವತಿ, ನಾಗವೇಣಿಯರೇ ಕಾದಂಬರಿಯ ನಿಜವಾದ ಆಧಾರವೆಂದು ಅರಿವಾಗುತ್ತದೆ. ಕಾಯಕವೆಂಬ ಮಾತನ್ನು ನಿತ್ಯ ಬಳಸುವ ನಮಗೆ ಅಂಥ ಹೆಸರಿಲ್ಲದ ದುಡಿಮೆಯ ಬೆಲೆಯನ್ನು ಇಷ್ಟು ಚೆನ್ನಾಗಿ ಮನಗಾಣಿಸುವ ಪುಸ್ತಕಗಳು ಕಡಿಮೆ. ಪುಸ್ತಕದ ಅಕ್ಷರಗಳು ಅವೇ. ಬದಲಾದದ್ದು ಓದುವ ಮನಸ್ಸು. ಆದ್ದರಿಂದಲೇ ಒಮ್ಮೆ ಓದಿದ್ದಾಯಿತೆಂದು ಒಳ್ಳೆಯ ಕಾದಂಬರಿಯನ್ನು ಮೂಲೆಗೆ ಸೇರಿಸುವುದು ಸರಿಯಲ್ಲ.

ನಮ್ಮ ಚರಿತ್ರೆಯ ಕನ್ನಡಿ

ನಮ್ಮ ಸಮಾಜದ ಓದುಗರು ವಿಶೇಷವಾಗಿ ಗಮನಿಸಬೇಕಾದ ಕೆಲವು ಕಾದಂಬರಿಗಳಿವೆ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಬಿ. ಪುಟ್ಟಸ್ವಾಮಯ್ಯನವರು ‘ಉದಯರವಿ’ಯಿಂದ ಮೊದಲಾಗಿ ಆರು ಕಾದಂಬರಿಗಳ ಮಾಲೆಯನ್ನು ರಚಿಸಿದರು. ಅದರ ಕೊನೆಯ ಕೃತಿ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಶರಣರನ್ನು ಚಿತ್ರಪಟದಲ್ಲಿ, ಪೂಜೆಯ ಪೀಠದ ಮೇಲೆ ಕಂಡು ಅಭ್ಯಾಸವಾದ ನಮಗೆ, ಅವರು ರಾಜಕಾರಣದ ಸುಳಿಯ ನಡುವೆ ಆತಂಕ, ಅಳುಕು, ಧೈರ್ಯಗಳಿಂದ ಬದುಕಿದ ಮನುಷ್ಯರೂ ಹೌದೆಂದು ಈ ಮಾಲೆ ನೆನಪಿಸುತ್ತದೆ. ಭಕ್ತಿ ಇದರಿಂದ ಕುಂದುವುದಿಲ್ಲ. ಅವರು ತೆತ್ತ ಬೆಲೆ ತಿಳಿದಾಗ ಇನ್ನಷ್ಟು ಆಳವಾಗುತ್ತದೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳು ವೀರಶೈವ ಅರಸುಮನೆತನಗಳ ಅಳಿವನ್ನು ಕುರಿತವು. ‘ಚೆನ್ನಬಸವನಾಯಕ’ದಲ್ಲಿ ಬಿದನೂರು ಹೈದರಾಲಿಯ ವಶವಾಗುವ ಕಾಲ ಬರುತ್ತದೆ, ಅದು 1763ರ ಘಟನೆ. ‘ಚಿಕವೀರ ರಾಜೇಂದ್ರ’ದಲ್ಲಿ 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಕೊಡಗಿನ ಕೊನೆಯ ಅರಸನ ಕಥೆಯಿದೆ. 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಈ ಕೃತಿಗೆ. ಮಾಸ್ತಿಯವರು ಅರಸನ ತಪ್ಪುಗಳನ್ನು ಮುಚ್ಚಲಿಲ್ಲ, ಅವನನ್ನು ಕೇವಲ ದುಷ್ಟನೆಂದು ತಳ್ಳಿಹಾಕಲೂ ಇಲ್ಲ. ಹಾಳಾಗುತ್ತಿರುವ ಗಂಡನ ಪಕ್ಕದಲ್ಲಿ ನಿಂತು ಮನೆಯ ಮಾನವನ್ನೂ ನಾಡಿನ ಹಿತವನ್ನೂ ಕಾಯಲು ಹೆಣಗುವ ರಾಣಿ ಗೌರಮ್ಮಾಜಿಯ ತಾಳ್ಮೆ ಓದಿದವರನ್ನು ಬಹುಕಾಲ ಕಾಡುತ್ತದೆ. ಚಿತ್ರದುರ್ಗದ ಸೀಮೆಯಿಂದ ಬಂದವರಿಗೆ ತ. ರಾ. ಸು. ಅವರ ‘ದುರ್ಗಾಸ್ತಮಾನ’ದ ಬಗ್ಗೆ ಹೇಳಬೇಕಾಗಿಯೇ ಇಲ್ಲ. 1984ರಲ್ಲಿ ಲೇಖಕರು ತೀರಿಕೊಂಡ ಬಳಿಕ, 1985ರಲ್ಲಿ, ಅದಕ್ಕೆ ಅಕಾಡೆಮಿ ಪ್ರಶಸ್ತಿ ಬಂತು.

ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರ (1919–1989) ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ ಅವರು ‘ಮಾಡಿ ಮಡಿದವರು’, ‘ಜ್ವಾಲಾಮುಖಿಯ ಮೇಲೆ’ ಮೊದಲಾದ ಕೃತಿಗಳನ್ನು ಕೊಟ್ಟರು; 1980ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರೇ ‘ಜರತಾರಿ ಜಗದ್ಗುರು’ ಬರೆದು ಮಠದ ಆಡಂಬರವನ್ನು ಕಟುವಾಗಿ ಪ್ರಶ್ನಿಸಿದರು. ಇಂಥ ಪುಸ್ತಕವನ್ನು ಭಕ್ತರ ಮನೆಯಲ್ಲಿ ಇಡಬಹುದೇ ಎಂದು ಕೇಳುವವರಿದ್ದಾರೆ. ಇಡಬಹುದು ಮಾತ್ರವಲ್ಲ, ಇಡಬೇಕು ಎಂಬುದು ನಮ್ಮ ಅಭಿಪ್ರಾಯ. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು ಪ್ರಶ್ನೆಗೆ ಹೆದರಿದರೆ ಆ ಹೆಸರು ಹೇಳುವ ಅಧಿಕಾರವನ್ನೇ ಕಳೆದುಕೊಳ್ಳುತ್ತೇವೆ. ಒಪ್ಪದಿದ್ದರೆ ವಾದಿಸೋಣ, ಓದದೆ ದೂರ ಇಡುವುದು ಬೇಡ. ಮೆಚ್ಚುಗೆಯಾದ ಪುಸ್ತಕವನ್ನು ಹಂಚಿಕೊಳ್ಳುವಷ್ಟೇ ಪ್ರಯೋಜನ, ನಮ್ಮನ್ನು ಕೆಣಕಿದ ಪುಸ್ತಕವನ್ನು ಹಂಚಿಕೊಂಡು ಚರ್ಚಿಸುವುದರಲ್ಲಿಯೂ ಇದೆ.

ಸುಬ್ರಹ್ಮಣ್ಯಪುರದ ಮನೆಗಳಲ್ಲಿ

ಈಗ ನಮ್ಮ ನೆರೆಹೊರೆಯನ್ನೇ ನೋಡೋಣ. ಉತ್ತರಹಳ್ಳಿ, ಚಿಕ್ಕಲ್ಲಸಂದ್ರ, ಪದ್ಮನಾಭನಗರಗಳ ಸಮೀಪದ ಸುಬ್ರಹ್ಮಣ್ಯಪುರ ಒಂದು ಕಾಲಕ್ಕೆ ಹೊಲ, ತೋಟ, ಕೆರೆಗಳ ಹಳ್ಳಿ. ಇಂದು ಅಲ್ಲಿ ಸಾಲು ಮನೆಗಳೂ ಬಹುಮಹಡಿಯ ಅಪಾರ್ಟ್‌ಮೆಂಟುಗಳೂ ಎದ್ದಿವೆ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಧಾರವಾಡ ಕಡೆಗಳಿಂದ ನೌಕರಿಗಾಗಿ ಬಂದು ಇಲ್ಲಿ ಮನೆ ಮಾಡಿದ ನಮ್ಮವರೂ ಇದ್ದಾರೆ. ಹಾಗೆ ಬಂದವರು ದೇವರ ಜಗುಲಿಯ ಜೊತೆಗೆ, ಅಪ್ಪ ಅವ್ವ ಓದಿದ ಪುಸ್ತಕಗಳ ಟ್ರಂಕನ್ನೂ ತಂದರು. ಬಟ್ಟೆಯ ರಟ್ಟು ಕಟ್ಟಿಸಿದ, ಮೊದಲ ಹಾಳೆಯ ಮೇಲೆ ಮಸಿಯಲ್ಲಿ ಹೆಸರು ಬರೆದ, ಯಾರದೋ ಮದುವೆಗೆ ಉಡುಗೊರೆಯಾಗಿ ಬಂದ ಕಾದಂಬರಿಗಳು ಆ ಟ್ರಂಕಿನಲ್ಲಿವೆ.

ಆ ಟ್ರಂಕಿನ ಮುಂದಿನ ಗತಿ ಏನೆಂಬುದೇ ಇಂದಿನ ಚಿಂತೆ. ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಪರೀಕ್ಷೆಗಾಗಿ ಕನ್ನಡ ಪಾಠವನ್ನೂ ಓದುತ್ತಾರೆ. ಆದರೆ ಮುನ್ನೂರು ಪುಟದ ಕಾದಂಬರಿಯನ್ನು ಕೈಯಲ್ಲಿ ಹಿಡಿದು ತಾವಾಗಿ ಓದುವಷ್ಟು ಓಟ ಅನೇಕರ ಕಣ್ಣಿಗೆ ಬಂದಿಲ್ಲ. ಹಿರಿಯರು ತೀರಿಕೊಂಡು ವರ್ಷ ಕಳೆಯುವುದರೊಳಗೆ, ಮನೆ ಬದಲಿಸುವ ಗಡಿಬಿಡಿಯಲ್ಲಿ, ಆ ಪುಸ್ತಕಗಳು ತೂಕದ ಲೆಕ್ಕದಲ್ಲಿ ಗುಜರಿ ಅಂಗಡಿ ಸೇರುತ್ತವೆ. ಅಲ್ಲಿ ಕರಗುವುದು ಕಾಗದ ಮಾತ್ರವಲ್ಲ. ಅಜ್ಜಿ ಯಾವ ಪುಟದಲ್ಲಿ ಅತ್ತಿದ್ದಳು, ಅಜ್ಜ ಯಾವ ಸಾಲಿನ ಕೆಳಗೆ ಗೆರೆ ಎಳೆದಿದ್ದ ಎಂಬ ಗುರುತುಗಳೂ ಅಳಿಸಿಹೋಗುತ್ತವೆ. ಒಂದು ಮನೆತನದ ಮನಸ್ಸಿನ ಚರಿತ್ರೆಯೇ ಹಾಗೆ ಕಳೆದುಹೋಗುತ್ತದೆ.

ಇದೇ ಹೊತ್ತಿನಲ್ಲಿ ಹೊರಜಗತ್ತು ಕನ್ನಡದ ಕಡೆಗೆ ತಿರುಗಿ ನೋಡುತ್ತಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಂಗ್ಲಿಷಿಗೆ ಅನುವಾದಗೊಂಡು ದೂರದ ದೇಶಗಳ ಓದುಗರನ್ನೂ ಮುಟ್ಟಿತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ, ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಲಂಡನ್ನಿನ ಓದುಗ ಕನ್ನಡದ ಕಥೆಯನ್ನು ಅರಸುತ್ತಿರುವಾಗ ನಮ್ಮ ಪಡಸಾಲೆಯ ಕಪಾಟಿನಲ್ಲಿರುವ ಕಾದಂಬರಿ ನಮ್ಮ ಮಕ್ಕಳಿಗೇ ಪರಕೀಯವಾಗುವುದು ವಿಷಾದದ ಸಂಗತಿಯಲ್ಲವೇ?

ಯಾರಿಗೆ, ಯಾವುದು, ಹೇಗೆ?

ಆದರೆ ‘ಕನ್ನಡ ಓದು’ ಎಂದು ಗದರಿಸಿದರೆ ಯಾರೂ ಓದುವುದಿಲ್ಲ. ನೀತಿಬೋಧೆಗೆಂದು ಕೊಟ್ಟ ಪುಸ್ತಕ ಔಷಧಿಯ ಸೀಸೆಯಂತೆ ಮೂಲೆ ಸೇರುತ್ತದೆ. ಪುಸ್ತಕವನ್ನು ಸೂಚಿಸುವುದಕ್ಕೂ ಒಂದು ಹದವಿದೆ. ಪಡೆಯುವವರ ಹಸಿವನ್ನು ಅರಿತು ಬಡಿಸುವುದು ದಾಸೋಹದ ಮೊದಲ ನಿಯಮವಷ್ಟೆ. ನಮಗೆ ಯಾವುದು ಪ್ರಿಯ ಎಂಬುದಕ್ಕಿಂತ ಎದುರಿಗಿರುವವರಿಗೆ ಈಗ ಯಾವುದು ಬೇಕು ಎಂಬುದು ಮುಖ್ಯ.

ಕಾಲೇಜು ಓದುವ, ವಿಜ್ಞಾನದಲ್ಲಿ ಆಸಕ್ತಿಯುಳ್ಳ ಹುಡುಗನಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೊಟ್ಟು ನೋಡಿ. ಚಿಕ್ಕ ಪುಸ್ತಕ, ನಗಿಸುವ ಪುಸ್ತಕ. ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೊರಟವರ ಜೊತೆ ಅವನೂ ಹೊರಟುಬಿಡುತ್ತಾನೆ. ಹೊಸದಾಗಿ ಮದುವೆಯಾದ ಸೊಸೆ ಬೇಸರದಿಂದಿದ್ದರೆ ಎಂ. ಕೆ. ಇಂದಿರಾ ಅವರ ಯಾವುದಾದರೂ ಮಲೆನಾಡಿನ ಕಥೆ ಹಿತವಾದೀತು. ಮುಂದೊಂದು ದಿನ, ಬಾಲವಿಧವೆಯಾಗಿ ನೂರು ವರ್ಷ ಮೀರಿ ಬದುಕಿದ ಹೆಣ್ಣಿನ ಕಥೆಯಾದ ‘ಫಣಿಯಮ್ಮ’ವನ್ನು ಅತ್ತೆ ಸೊಸೆ ಇಬ್ಬರೂ ಸೇರಿ ಓದಬಹುದು. ಆ ಲೇಖಕಿಯ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ಅವರ ನಡುವಯಸ್ಸಿನಲ್ಲಿ. ಇನ್ನು ತಮಗೆ ವಯಸ್ಸಾಯಿತೆನ್ನುವ ನಮ್ಮ ಗೃಹಿಣಿಯರು ಇದನ್ನು ಗಮನಿಸಬೇಕು. ನಿವೃತ್ತರಾಗಿ ಹೊತ್ತು ಹೋಗದೆ ಕುಳಿತ ಯಜಮಾನರಿಗೆ ‘ಚಿಕವೀರ ರಾಜೇಂದ್ರ’ವೋ, ‘ಕ್ರಾಂತಿ ಕಲ್ಯಾಣ’ದ ಮಾಲೆಯೋ ಒಂದು ಇಡೀ ಮಳೆಗಾಲಕ್ಕೆ ಸಾಕಾಗುತ್ತದೆ.

ಸೂಚಿಸುವಾಗ ಕಥೆಯನ್ನೆಲ್ಲ ಹೇಳಿ ಮುಗಿಸಬಾರದು. ಒಂದು ಸನ್ನಿವೇಶ ಹೇಳಿ, ಮುಂದೇನಾಯಿತೆಂಬಲ್ಲಿ ಮಾತು ನಿಲ್ಲಿಸಿ ಪುಸ್ತಕ ಕೈಗಿಡಬೇಕು. ಕೊಟ್ಟ ಮೇಲೆ ‘ಓದಿದೆಯಾ?’ ಎಂದು ದಿನವೂ ಪೀಡಿಸಬಾರದು. ಅವರಿಗೆ ಹಿಡಿಸದಿದ್ದರೆ ಮುಖ ಸಣ್ಣದು ಮಾಡಿಕೊಳ್ಳಬಾರದು. ಏಕೆ ಹಿಡಿಸಲಿಲ್ಲವೆಂದು ಕೇಳಿದರೆ ಆ ಉತ್ತರದಿಂದ ನಮಗೂ ಒಂದು ಹೊಸ ಕಣ್ಣು ಬರುತ್ತದೆ. ಪಡೆದವರ ಹೊಣೆಯೂ ಇದೆ: ಪುಟ ಮಡಿಚದೆ, ಹೇಳಿದ ದಿನಕ್ಕೆ, ಎರಡು ಒಳ್ಳೆಯ ಮಾತಿನೊಡನೆ ಹಿಂದಿರುಗಿಸುವುದು. ಯಾರಿಗೆ ಯಾವ ಪುಸ್ತಕ ಹೋಗಿದೆಯೆಂದು ಹಾಲಿನ ಲೆಕ್ಕದ ಹಾಗೆ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಸ್ನೇಹವೂ ಉಳಿಯುತ್ತದೆ, ಪುಸ್ತಕವೂ ಉಳಿಯುತ್ತದೆ.

ಓದಲು ತಡವರಿಸುವ ಮಕ್ಕಳಿಗೆ ನಮ್ಮ ಹಳೆಯ ದಾರಿಯೇ ಒಳ್ಳೆಯದು. ಪುರಾಣವನ್ನು ಅಕ್ಷರ ಬಾರದವರೂ ಕೇಳಿ ಅರಿತರಲ್ಲವೇ? ಸಂಜೆಯ ಪೂಜೆ ಮುಗಿದ ಮೇಲೆ, ದೂರದರ್ಶನವನ್ನೂ ಮೊಬೈಲನ್ನೂ ಅರ್ಧ ತಾಸು ಬದಿಗಿಟ್ಟು, ಮನೆಯಲ್ಲೊಬ್ಬರು ಕಾದಂಬರಿಯ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಲಿ. ಮೂರನೆಯ ವಾರದಲ್ಲಿ ಅಜ್ಜಿಯ ಕನ್ನಡಕ ಸಿಗದೆ ಓದು ನಿಂತಾಗ, ಮುಂದೇನಾಯಿತೆಂದು ತಿಳಿಯುವ ಆತುರದಿಂದ ಮೊಮ್ಮಗಳೇ ಪುಸ್ತಕ ಎತ್ತಿಕೊಂಡಾಳು. ಮೊದಲ ಪುಟ ಎಡವುತ್ತ ಸಾಗೀತು. ಹತ್ತನೆಯ ಪುಟ ಹರಿಯುತ್ತದೆ. ದೂರದೇಶದಲ್ಲಿರುವ ಮಕ್ಕಳಿಗೆ ಫೋನಿನಲ್ಲಿಯೇ ಓದಿ ಹೇಳಬಹುದು. ಕೆಲವು ಕಾದಂಬರಿಗಳ ಧ್ವನಿಪುಸ್ತಕಗಳೂ ಈಗ ದೊರೆಯುತ್ತವೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ಸಲಹೆಯಿದೆ. ಅನೇಕ ಬಡಾವಣೆಗಳಲ್ಲಿ ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿ ನಡೆಯುತ್ತದೆ. ಅದರ ಕೊನೆಯಲ್ಲಿ, ಪ್ರಸಾದಕ್ಕೆ ಏಳುವ ಮುನ್ನ, ಹತ್ತು ನಿಮಿಷವನ್ನು ಪುಸ್ತಕಕ್ಕಾಗಿ ಮೀಸಲಿಡೋಣ. ಒಬ್ಬ ಹಿರಿಯರು, ಒಬ್ಬ ಗೃಹಿಣಿ, ಒಬ್ಬ ವಿದ್ಯಾರ್ಥಿ ತಾವು ಆ ತಿಂಗಳು ಓದಿದ ಒಂದು ಕಾದಂಬರಿಯ ಬಗ್ಗೆ ಮೂರು ಮೂರು ನಿಮಿಷ ಮಾತನಾಡಲಿ. ಮೆಚ್ಚಿದ್ದನ್ನು ಮೆಚ್ಚಿದೆನೆಂದೂ ಹಿಡಿಸದ್ದನ್ನು ಹಿಡಿಸಲಿಲ್ಲವೆಂದೂ ನಿಸ್ಸಂಕೋಚವಾಗಿ ಹೇಳಲಿ. ಪುಸ್ತಕ ಅಲ್ಲಿಯೇ ಇನ್ನೊಬ್ಬರ ಕೈ ಸೇರಲಿ. ಗೃಹಪ್ರವೇಶಕ್ಕೂ ಮದುವೆಗೂ ಹೂಗುಚ್ಛದ ಬದಲು ನಾವೇ ಓದಿ ಮೆಚ್ಚಿದ ಕಾದಂಬರಿಯೊಂದನ್ನು, ಮೊದಲ ಹಾಳೆಯ ಮೇಲೆ ಏಕೆ ಮೆಚ್ಚಿದೆವೆಂದು ಎರಡು ಸಾಲು ಬರೆದು, ಕೊಡುವ ರೂಢಿ ಬೆಳೆಯಲಿ. ಇದಕ್ಕೆ ಹೆಚ್ಚಿನ ಖರ್ಚಾಗಲಿ ಸಂಘಸಂಸ್ಥೆಯಾಗಲಿ ಬೇಕಿಲ್ಲ.

ಈ ಭಾನುವಾರ ನಿಮ್ಮ ಮನೆಯ ಟ್ರಂಕನ್ನೋ ಅಟ್ಟದ ಮೇಲಿನ ಪೆಟ್ಟಿಗೆಯನ್ನೋ ಇಳಿಸಿ ಧೂಳು ಒರೆಸಿ. ಒಂದು ಕಾದಂಬರಿಯನ್ನು ನಿಮಗಾಗಿ ತೆಗೆದಿಡಿ, ಇನ್ನೊಂದನ್ನು ನೆರೆಮನೆಯವರಿಗಾಗಿ ತೆಗೆದಿಡಿ. ಮೂರನೆಯದನ್ನು ಮಕ್ಕಳ ನಡುವೆ ಕುಳಿತು ಗಟ್ಟಿಯಾಗಿ ಓದಲು ಆರಂಭಿಸಿ.